ಮೊದಲ ದಿನದ ಪ್ರಾರ್ಥನೆ, ಮೂರನೇ ದಿನದ ಫೈನ್

ಮೂರನೇ ಸೆಮ್ ಶುರುವಾದ ಮೊದಲ ನಾಲ್ಕು ದಿನ ನಮ್ಮ ರೂಮಿನಿಂದ ಕ್ಲಾಸಿಗೆ ಹೋಗಿದ್ದು ಮೂರೇ ಜನ. ನಾಲ್ಕನೆಯವನಿಗೆ ಜ್ವರ ಅಂತ ಮೇಡಂಗೂ ಹೇಳಿದ್ವಿ, ವಾರ್ಡನ್ ಸರ್‌ಗೂ ಹೇಳಿದ್ವಿ. ಜ್ವರ ಏನೂ ಇರಲಿಲ್ಲ. ಎರಡು ಬ್ಯಾಕ್ ಇದ್ದವು. ಮ್ಯಾಥ್ಸ್ ಒಂದು, ಎಲೆಕ್ಟ್ರಾನಿಕ್ಸ್ ಇನ್ನೊಂದು. ಮನೆಯಲ್ಲಿ ಹೇಳಿರಲಿಲ್ಲ. ಅಮ್ಮ ಫೋನ್ ಮಾಡಿದಾಗಲೆಲ್ಲ ‘ರಿಸಲ್ಟ್ ಇನ್ನೂ ಬಿಟ್ಟಿಲ್ಲಮ್ಮ’ ಅಂದು ಗೋಡೆ ಕಡೆ ತಿರುಗಿ ಮಲಗ್ತಿದ್ದ. ಇದನ್ನ ಅವನ ಒಪ್ಪಿಗೆ ಕೇಳಿಯೇ ಬರೀತಿದ್ದೇವೆ. ಈ ಲೇಖನದ ‘ನಾವು’ ಒಳಗೆ ಅವನೂ ಇದ್ದಾನೆ.

ನಾವು ನಾಲ್ಕೂ ಜನ ಕಾನ್ವೆಂಟ್ ಪ್ರಾಡಕ್ಟುಗಳು. ಒಬ್ಬ ಬಂಟ್ವಾಳದ ಕಡೆಯ ಕೊಂಕಣಿ ಕ್ಯಾಥೊಲಿಕ್. ಉಳಿದ ಮೂವರು ಹಾಸನ, ಮೈಸೂರು, ಬೆಂಗಳೂರಿನ ಹಿಂದೂ ಮನೆಗಳವರು, ಆದರೆ ಓದಿದ್ದು ಸಿಸ್ಟರ್‌ಗಳು, ಫಾದರ್‌ಗಳು ನಡೆಸುವ ಇಂಗ್ಲಿಷ್ ಮೀಡಿಯಂ ಶಾಲೆಗಳಲ್ಲಿ. ಈ ಕಾಲೇಜಿನಲ್ಲಿ ನಮ್ಮಂಥವರು ಕಡಿಮೆಯೇನಿಲ್ಲ. ಮೆಸ್ಸಿನಲ್ಲಿ ಯಾವುದಾದರೂ ಟೇಬಲ್ ಹತ್ತಿರ ನಿಂತು ಶಾಲೆಯ ಬೆಳಗಿನ ಪ್ರಾರ್ಥನೆಯ ಮೊದಲ ಸಾಲು ಹೇಳಿ ನೋಡಿ, ನಾಲ್ಕು ಜನ ಎರಡನೇ ಸಾಲು ಹೇಳ್ತಾರೆ. ಆಮೇಲೆ ನಗ್ತಾರೆ. ನಾವೂ ಇಷ್ಟು ದಿನ ನಗ್ತಾನೇ ಇದ್ದವರು.

ಆ ನಗುವಿನ ಬಗ್ಗೆ ಈಗ ನಮಗೆ ಸ್ವಲ್ಪ ನಾಚಿಕೆ ಇದೆ. ಶಾಲೆಯ ವರ್ಷಾರಂಭದ ಆ ಪ್ರಾರ್ಥನೆಯಲ್ಲಿ ನಮಗೆ ಒಂದು ನಿಜವಾದ ವಸ್ತು ಸಿಕ್ಕಿತ್ತು, ಅದನ್ನ ನಾವು ಬರೀ ಆಚರಣೆ ಅಂತ ತಳ್ಳಿಹಾಕಿದ್ವಿ ಅನ್ನೋದು ನಮ್ಮ ಈಗಿನ ಅಭಿಪ್ರಾಯ. ಅದೇ ಶಾಲೆಗಳು ಕೊಟ್ಟ ಕೈಯಿಂದಲೇ ಅದರಲ್ಲಿ ಅರ್ಧ ವಾಪಸ್ ಕಿತ್ತುಕೊಂಡವು ಅನ್ನೋದೂ ನಮ್ಮ ಅಭಿಪ್ರಾಯವೇ. ಎರಡನ್ನೂ ಹೇಳಬೇಕು.

ಜೂನ್ ಮೊದಲ ವಾರ ಹೇಗಿರ್ತಿತ್ತು ಅಂದ್ರೆ, ಹೊಸ ರೇನ್‌ಕೋಟಿನ ವಾಸನೆ, ಕಂದು ಕವರ್ ಹಾಕಿದ ಪುಸ್ತಕ, ಹೊಸ ಕ್ಲಾಸ್ ಟೀಚರ್ ಯಾರು ಅನ್ನೋ ಟೆನ್ಷನ್. ಮೊದಲ ಪೀರಿಯಡ್ ಪಾಠ ಇರಲ್ಲ. ಎಲ್ಲರನ್ನೂ ಹಾಲ್‌ನಲ್ಲೋ ಪಕ್ಕದ ಚರ್ಚಿನಲ್ಲೋ ಕೂರಿಸ್ತಾರೆ. ಕೆಲವು ಶಾಲೆಗಳಲ್ಲಿ ಕ್ಯಾಥೊಲಿಕ್ ಮಕ್ಕಳಿಗೆ ಮಾತ್ರ ಬಲಿಪೂಜೆ, ಉಳಿದವರಿಗೆ ಹಾಲ್‌ನಲ್ಲಿ ಸಾಮಾನ್ಯ ಪ್ರಾರ್ಥನೆ. ನಮ್ಮಲ್ಲಿ ಒಬ್ಬನ ಶಾಲೆಯಲ್ಲಿ ಎಲ್ಲರೂ ಒಟ್ಟಿಗೇ ಕೂರ್ತಿದ್ದರು. ಹಿಂದಿನ ಬೆಂಚಿನಲ್ಲಿದ್ದವರಿಗೆ ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು ಗೊತ್ತಾಗ್ತಿರಲಿಲ್ಲ. ಮುಂದಿನವರು ಎದ್ದರೆ ಏಳೋದು, ಕೂತರೆ ಕೂರೋದು. ಪರಮಪ್ರಸಾದದ ಸಾಲಿಗೆ ನಮ್ಮನ್ನ ಯಾಕೆ ಸೇರಿಸಲ್ಲ, ಆ ಬಿಳಿ ರೊಟ್ಟಿ ನಮಗೆ ಯಾಕಿಲ್ಲ ಅಂತ ಎರಡನೇ ಕ್ಲಾಸಿನಲ್ಲಿ ಒಂದು ವರ್ಷ ಪೂರ್ತಿ ಬೇಜಾರು ಮಾಡಿಕೊಂಡವನೂ ನಮ್ಮಲ್ಲಿದ್ದಾನೆ.

ಆ ದಿನ ಫಾದರ್ ಹಾಕುವ ಮೇಲಂಗಿ ಕೆಂಪು. ಬೇರೆ ದಿನಗಳಲ್ಲಿ ಹಸಿರು, ಬಿಳಿ ನೋಡಿದ್ದ ನಮಗೆ ಕೆಂಪು ಯಾಕೆ ಅಂತ ಆಗ ಗೊತ್ತಿರಲಿಲ್ಲ. ಅದು ಪವಿತ್ರಾತ್ಮನ ಪೂಜೆ. ಕೆಂಪು ಅಂದ್ರೆ ಬೆಂಕಿ. ಜಗತ್ತಿನ ಸುಮಾರು ಕ್ಯಾಥೊಲಿಕ್ ಶಾಲೆ ಕಾಲೇಜುಗಳಲ್ಲಿ ವರ್ಷ ಶುರುವಾಗೋದು ಈ ಪೂಜೆಯಿಂದಲೇ. ಜೆಸ್ವಿಟ್ಟರು 1548ರಲ್ಲಿ ಸಿಸಿಲಿಯ ಮೆಸ್ಸೀನದಲ್ಲಿ ತಮ್ಮ ಮೊದಲ ಶಾಲೆ ತೆರೆದರು, ಈ ರೂಢಿಯೂ ಅಷ್ಟೇ ಹಳೆಯದು ಅಂತ ಅವರ ಶಾಲೆಗಳಲ್ಲಿ ಹೇಳ್ತಾರೆ. ಪವಿತ್ರಾತ್ಮ ಏಳು ವರ ಕೊಡ್ತಾನೆ ಅನ್ನೋದು ಅವರ ನಂಬಿಕೆ. ಜ್ಞಾನ, ವಿವೇಕ ಎಲ್ಲ ಅದರಲ್ಲಿ ಬರುತ್ತೆ. ಧೈರ್ಯವೂ ಒಂದು. ಓದೋ ಮಕ್ಕಳಿಗೆ ಜ್ಞಾನ ಕೇಳೋದು ಸರಿ, ಧೈರ್ಯ ಯಾಕೆ? ಈಗ ಎರಡು ಸೆಮ್ ಮುಗಿಸಿದ ಮೇಲೆ ಆ ಪ್ರಶ್ನೆ ನಮಗೆ ಹುಟ್ಟಲ್ಲ.

ಇದರ ಹಿಂದಿನ ಕಥೆ ಪಂಚಾಶತ್ತಮ ಹಬ್ಬದ್ದು, ಈಸ್ಟರ್ ಲೆಕ್ಕದಲ್ಲಿ ಐವತ್ತನೇ ದಿನ. ನಮ್ಮಲ್ಲಿ ಅದು ಮೇ–ಜೂನ್ ಸುಮಾರಿಗೆ, ಹೆಚ್ಚುಕಡಿಮೆ ಶಾಲೆ ತೆರೆಯುವ ಹೊತ್ತಿಗೇ ಬರುತ್ತೆ. ಯೇಸುವನ್ನ ಶಿಲುಬೆಗೆ ಹಾಕಿದ ಮೇಲೆ ಶಿಷ್ಯರು ಹೆದರಿ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದರು. (ನಾಲ್ಕು ದಿನ ಹಾಸ್ಟೆಲ್ ರೂಮಿನ ಬಾಗಿಲು ಹಾಕಿಕೊಂಡವನಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.) ಅವರ ಲೀಡರ್ ಪೇತ್ರನ ಕಥೆ ಇನ್ನೂ ನಾಚಿಕೆಗೇಡು. ಒಬ್ಬ ಕೆಲಸದ ಹುಡುಗಿ ‘ನೀನೂ ಅವನ ಜೊತೆ ಇದ್ದವನಲ್ವಾ’ ಅಂತ ಕೇಳಿದ್ದಕ್ಕೆ ಅವನು ನನಗೆ ಗೊತ್ತೇ ಇಲ್ಲ ಅಂದುಬಿಟ್ಟಿದ್ದ. ಕೋಳಿ ಕೂಗುವ ಮೊದಲು ಮೂರು ಸಲ. ಐವತ್ತನೇ ದಿನ ಅದೇ ಪೇತ್ರ ಜೆರುಸಲೇಮಿನ ಜನರ ಮುಂದೆ ನಿಂತು ಗಟ್ಟಿಯಾಗಿ ಮಾತಾಡ್ತಾನೆ.

ಪ್ರೇಷಿತರ ಕಾರ್ಯಕಲಾಪಗಳ ಎರಡನೇ ಅಧ್ಯಾಯದಲ್ಲಿ ಇದೆಲ್ಲ ಇದೆ. ಗಾಳಿ ಬೀಸಿದ ಸದ್ದು, ಬೆಂಕಿಯ ನಾಲಗೆಗಳು. ನಮ್ಮ ಕನ್ನಡ ಸಂಘದವರು ಗಮನಿಸಬೇಕಾದ್ದು ಅದರ ನಂತರ ಬರುತ್ತೆ. ಅಲ್ಲಿ ಬೇರೆ ಬೇರೆ ದೇಶದಿಂದ ಬಂದವರು ಸೇರಿದ್ದರು. ಶಿಷ್ಯರು ಆಡಿದ ಮಾತು ಪ್ರತಿಯೊಬ್ಬರಿಗೂ ಅವರವರ ಭಾಷೆಯಲ್ಲೇ ಕೇಳಿಸಿತು. ಯಾರಿಗೂ ಜೆರುಸಲೇಮಿನ ಭಾಷೆ ಕಲಿತು ಬನ್ನಿ ಅಂತ ಹೇಳಲಿಲ್ಲ. ಹೆದರಿದವರಿಗೆ ಧೈರ್ಯ ಬಂತು ಅನ್ನೋದಕ್ಕೆ ಆ ಕಥೆ ತೋರಿಸುವ ಮೊದಲ ಗುರುತು ಭಾಷೆ.

ಈಗ ಫೈನ್ ವಿಷಯ.

ಜೂನ್ ಒಂದರಂದು ಈ ಪೂಜೆ ಮುಗಿಯುತ್ತಿತ್ತು. ಮೂರನೇ ದಿನದಿಂದ ಕ್ಲಾಸ್ ಲೀಡರ್ ಕೈಯಲ್ಲಿ ಒಂದು ನೋಟ್‌ಬುಕ್. ಕನ್ನಡ ಮಾತಾಡಿದವರ ಹೆಸರು ಅದರಲ್ಲಿ. ಒಂದು ಶಬ್ದಕ್ಕೆ ಐದು ರೂಪಾಯಿ ಒಬ್ಬನ ಶಾಲೆಯಲ್ಲಿ, ಇನ್ನೊಬ್ಬನ ಶಾಲೆಯಲ್ಲಿ ಕುತ್ತಿಗೆಗೆ ಬೋರ್ಡು. ಬಿದ್ದು ಮಂಡಿ ಕೆತ್ತಿಹೋದಾಗ ‘ಅಮ್ಮಾ’ ಅಂದಿದ್ದಕ್ಕೆ ಹೆಸರು ಬರೆಸಿಕೊಂಡವನು ನಮ್ಮ ರೂಮಿನಲ್ಲೇ ಇದ್ದಾನೆ. ಆಗ ನಮಗೆ ಎರಡೂ ಸಂಗತಿ ಬೇರೆ ಬೇರೆ ಅನಿಸಿತ್ತು. ಪ್ರಾರ್ಥನೆ ದೇವರಿಗೆ, ಫೈನ್ ಡಿಸಿಪ್ಲಿನ್‌ಗೆ. ಈಗ ನೋಡಿದರೆ ಬೆಳಿಗ್ಗೆ ಓದಿದ ಕಥೆಯನ್ನ ಮಧ್ಯಾಹ್ನದ ಹೊತ್ತಿಗೆ ಶಾಲೆ ತಾನೇ ಸುಳ್ಳು ಮಾಡ್ತಿತ್ತು. ಇದು ಕ್ಯಾಥೊಲಿಕ್ ಶಾಲೆಗಳ ರೋಗ ಮಾತ್ರ ಅಲ್ಲ, ಯಾವ ದೇವರ ಫೋಟೋನೂ ಇಲ್ಲದ ಇಂಟರ್‌ನ್ಯಾಷನಲ್ ಶಾಲೆಗಳಲ್ಲೂ ಇದೇ ಕಥೆ. ಆದರೆ ಪಂಚಾಶತ್ತಮದ ಕಥೆ ಕೈಯಲ್ಲಿ ಇಟ್ಟುಕೊಂಡವರು ಹೀಗೆ ಮಾಡಿದಾಗ ಬೇಜಾರು ಜಾಸ್ತಿ.

ಪರಿಣಾಮ? ನಾವು ನಾಲ್ಕೂ ಜನ ಇಂಗ್ಲಿಷಿನಲ್ಲಿ ಸೆಮಿನಾರ್ ಕೊಡ್ತೀವಿ, ಪರವಾಗಿಲ್ಲ. ಹೆದರಿಕೆ ಆಗ್ತಿದೆ ಅಂತ ಹೇಳಕ್ಕೆ ಇಂಗ್ಲಿಷ್ ಬರಲ್ಲ. ಅಂದ್ರೆ ಶಬ್ದ ಬರುತ್ತೆ. ‘ಐ ಯಾಮ್ ಸ್ಟ್ರೆಸ್ಡ್’ ಅಂತ ಎಲ್ಲರೂ ದಿನಕ್ಕೆ ಹತ್ತು ಸಲ ಹೇಳ್ತೀವಿ, ಯಾರೂ ತಿರುಗಿ ನೋಡಲ್ಲ. ಕನ್ನಡದಲ್ಲಿ ‘ನಂಗೆ ಭಯ ಆಗ್ತಿದೆ ಕಣೋ’ ಅಂದರೆ ಎದುರಿನವನು ಮೊಬೈಲ್ ಕೆಳಗಿಡ್ತಾನೆ.

ಇಷ್ಟೆಲ್ಲ ಬೈದ ಮೇಲೆ ಆ ಶಾಲೆಯಲ್ಲಿ ಸಿಕ್ಕಿದ್ದನ್ನೂ ಹೇಳಬೇಕು. ನಮ್ಮಲ್ಲಿ ಒಬ್ಬನ ಶಾಲೆಯಲ್ಲಿ ಆ ಪೂಜೆಗೆ ಮುಂಚೆ ಎಲ್ಲ ಕ್ಲಾಸಿನಲ್ಲೂ ಚೀಟಿ ಹಂಚ್ತಿದ್ದರು. ಈ ವರ್ಷ ನಿನಗೆ ಯಾವುದರ ಹೆದರಿಕೆ ಅಂತ ಬರಿ, ಹೆಸರು ಬೇಡ. ಚೀಟಿಗಳನ್ನ ಬುಟ್ಟಿಯಲ್ಲಿ ಹಾಕಿ ಪೀಠದ ಹತ್ತಿರ ಇಡ್ತಿದ್ದರು. ಆಮೇಲೆ ಒಬ್ಬ ಸಿಸ್ಟರ್ ಹತ್ತು ಹನ್ನೆರಡು ಚೀಟಿ ತೆಗೆದು ಮೈಕಿನಲ್ಲಿ ಓದೋದು, ಒಂದೊಂದಕ್ಕೂ ಎಲ್ಲರೂ ಸೇರಿ ‘ಸ್ವಾಮಿ, ಕೇಳಿಸಿಕೊ’ ಅನ್ನೋ ಅರ್ಥದ ಸಾಲು ಹೇಳೋದು. ಹೆಚ್ಚಿನವು ಮ್ಯಾಥ್ಸ್, ಹಿಂದಿ, ಪಿಟಿ ಸರ್ ಹೆದರಿಕೆಗಳೇ. ಪಿಟಿ ಸರ್ ಚೀಟಿಗೆ ಎಲ್ಲರೂ ಜೋರಾಗಿ ಹೇಳ್ತಿದ್ದರು. ಒಂದು ವರ್ಷ ಒಂದು ಚೀಟಿ ಕನ್ನಡದಲ್ಲಿತ್ತು. ಶಾಲೆಗೆ ಬರಕ್ಕೆ ಹೆದರಿಕೆ ಇಲ್ಲ, ಮನೆಗೆ ಹೋಗಕ್ಕೆ ಹೆದರಿಕೆ, ಅಪ್ಪ ಕುಡೀತಾರೆ ಅಂತ. ಸಿಸ್ಟರ್ ಅದನ್ನ ಇಂಗ್ಲಿಷ್ ಮಾಡಲಿಲ್ಲ. ಇದ್ದ ಹಾಗೇ ಕನ್ನಡದಲ್ಲಿ ಓದಿದರು. ಹಾಲ್ ಪೂರ್ತಿ ಸುಮ್ಮನಾಯ್ತು. ಆಮೇಲೆ ಆರುನೂರು ಮಕ್ಕಳು ಆ ಸಾಲು ಹೇಳಿದರು. ಯಾರ ಚೀಟಿ ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಆ ಹಾಲ್‌ನಲ್ಲಿ ಕನ್ನಡಕ್ಕೆ ಫೈನ್ ಬೀಳದ ಐದು ನಿಮಿಷ ಅದು.

ಆ ಚೀಟಿ ಬರೆದ ಹುಡುಗನಿಗೋ ಹುಡುಗಿಗೋ ಅಪ್ಪ ಕುಡಿಯೋದನ್ನ ಆ ಪ್ರಾರ್ಥನೆ ನಿಲ್ಲಿಸಿತಾ? ನಿಲ್ಲಿಸಿರಲಿಕ್ಕಿಲ್ಲ. ಆದರೆ ಆ ವಿಷಯ ಹೊತ್ತುಕೊಂಡವರು ಅವತ್ತು ಒಬ್ಬರೇ ಇರಲಿಲ್ಲ.

ನಮ್ಮ ಕಾಲೇಜಿನ ಮೊದಲ ದಿನಗಳನ್ನ ಇದರ ಪಕ್ಕದಲ್ಲಿ ಇಟ್ಟು ನೋಡಿ. ಎಐಸಿಟಿಇ ಹೇಳಿದ ಮೂರು ವಾರದ ಇಂಡಕ್ಷನ್ ಇತ್ತು, ಒಳ್ಳೆಯ ಉದ್ದೇಶದ್ದೇ. ಯೋಗ, ಕ್ಯಾಂಪಸ್ ಟೂರ್, ಹ್ಯೂಮನ್ ವ್ಯಾಲ್ಯೂಸ್. ಅದರ ಮಧ್ಯೆ ಮೋಟಿವೇಷನ್ ಭಾಷಣ, ಅತಿ ಹೆಚ್ಚು ಪ್ಯಾಕೇಜ್ ಪಡೆದ ಸೀನಿಯರ್ ಫೋಟೋ, ‘ಡೋಂಟ್ ಫಿಯರ್ ಫೇಲ್ಯೂರ್’ ಅನ್ನೋ ಸ್ಲೈಡ್. ಹೆದರಬೇಡಿ ಅಂತ ಹೇಳಿದವರು ಎಷ್ಟೋ ಜನ. ನಿಮಗೆ ಯಾವುದರ ಹೆದರಿಕೆ ಅಂತ ಕೇಳಿದವರು ಒಬ್ಬರೂ ಇರಲಿಲ್ಲ. ಹೆದರಬೇಡ ಅಂದಾಗ ಹೆದರಿದವನಿಗೆ ಇನ್ನೊಂದು ಕೆಲಸ ಜಾಸ್ತಿ ಆಗುತ್ತೆ, ಹೆದರಿಕೆಯನ್ನ ಮುಚ್ಚಿಡೋದು. ನಮ್ಮ ರೂಮ್‌ಮೇಟ್ ನಾಲ್ಕು ದಿನ ಮಾಡಿದ್ದು ಅದೇ ಕೆಲಸ.

ಕ್ರೈಸ್ತ ಧರ್ಮ ಹೆದರಿಕೆಯನ್ನ ಹಾಗೆ ಮುಚ್ಚಿಡಲ್ಲ ಅನ್ನೋದು ನಮಗೆ ಈಗೀಗ ಓದಿ ಗೊತ್ತಾಗಿದ್ದು. ಗೆತ್ಸೆಮನೆ ತೋಟದಲ್ಲಿ ಯೇಸುವೇ ಹೆದರಿದ. ಈ ಪಾತ್ರೆ ನನ್ನಿಂದ ತೊಲಗಲಿ ಅಂತ ಕೇಳಿಕೊಂಡ, ಬೆವರು ರಕ್ತದ ಹನಿಗಳಂತೆ ಬಿತ್ತು ಅಂತ ಲೂಕ ಬರೀತಾನೆ. 13ನೇ ಶತಮಾನದ ಥಾಮಸ್ ಅಕ್ವಿನಾಸ್ ಧೈರ್ಯದ ಬಗ್ಗೆ ಪ್ರಶ್ನೋತ್ತರ ರೂಪದಲ್ಲಿ ಬರೆದಿದ್ದಾನೆ (ವೈವಾ ತರಹವೇ, ಆದರೆ ಉತ್ತರವನ್ನೂ ಅವನೇ ಕೊಡ್ತಾನೆ). ಧೈರ್ಯದ ಮುಖ್ಯ ಕೆಲಸ ನುಗ್ಗಿ ಹೊಡೆಯೋದಲ್ಲ, ತಾಳಿಕೊಂಡು ನಿಲ್ಲೋದು ಅನ್ನೋದು ಅವನ ವಾದ. ‘ತಾಳಿದವನು ಬಾಳಿಯಾನು’ ಅಂತ ಅಜ್ಜಿ ಹೇಳಿದಾಗ ಸುಮ್ನಿರು ಅಜ್ಜಿ ಅಂದಿದ್ದೆವು, ಇಟಲಿಯ ಸಂತ ಹೇಳಿದ ಮೇಲೆ ಒಪ್ತಿದ್ದೇವೆ. ನಮ್ಮ ಮೀಡಿಯಂ ಸಮಸ್ಯೆ ಇಲ್ಲೂ ಇದೆ.

ಮಂಗಳೂರಿಗೆ ಹೋದವರು ಲೈಟ್‌ಹೌಸ್ ಹಿಲ್ ಮೇಲಿನ ಸಂತ ಅಲೋಶಿಯಸ್ ಚಾಪೆಲ್ ನೋಡಿರ್ತೀರಿ. 1880ರಲ್ಲಿ ಶುರುವಾದ ಕಾಲೇಜು ಅದು. ಚಾಪೆಲ್ಲಿನ ಗೋಡೆ, ಛಾವಣಿಯ ಚಿತ್ರಗಳು ಇಟಲಿಯಿಂದ ಬಂದ ಆಂಟೋನಿಯೋ ಮೊಸ್ಕೇನಿ ಬರೆದವು. ಎಲ್ಲರೂ ಕತ್ತು ಮೇಲೆ ಮಾಡಿ ಫೋಟೋ ತೆಗೆದುಕೊಂಡು ಬರ್ತಾರೆ, ನಾವೂ ಅಷ್ಟೇ ಮಾಡಿದ್ವಿ. ಚಿತ್ರದಲ್ಲಿರುವ ಆ ಹುಡುಗ 1591ರಲ್ಲಿ ರೋಮಿನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡ್ತಾ ತಾನೂ ಕಾಯಿಲೆ ಬಿದ್ದು ಸತ್ತಾಗ ಅವನಿಗೆ 23 ವರ್ಷ. ರೋಗಿಗಳ ವಾಸನೆ, ಗಾಯ ನೋಡಿದರೆ ಅವನಿಗೆ ಹೊಟ್ಟೆ ತೊಳಸುತ್ತಿತ್ತಂತೆ. ಆದರೂ ಹೋದ. ಅವನ ಹಬ್ಬ ಜೂನ್ 21, ಅದೂ ಶಾಲೆ ಶುರುವಾದ ಹೊಸತರಲ್ಲೇ.

ಆದರೆ ನಮಗೆ ಅವನಿಗಿಂತ ಹತ್ತಿರದವನು ಪಿಯೆರ್ ಜಾರ್ಜೊ ಫ್ರಸ್ಸಾತಿ. ಅವನು ಇಂಜಿನಿಯರಿಂಗ್ ಸ್ಟೂಡೆಂಟ್! ಇಟಲಿಯ ತೂರಿನ್ ಪಾಲಿಟೆಕ್ನಿಕ್‌ನಲ್ಲಿ ಮೈನಿಂಗ್ ಬ್ರಾಂಚ್. ಅಪ್ಪ ‘ಲಾ ಸ್ತಾಂಪಾ’ ಪತ್ರಿಕೆಯ ಮಾಲೀಕ, ದುಡ್ಡಿಗೆ ಏನೂ ಕೊರತೆ ಇರಲಿಲ್ಲ. ಗಣಿ ಕಾರ್ಮಿಕರ ನಡುವೆ ಕೆಲಸ ಮಾಡಬೇಕು ಅಂತ ಆ ಬ್ರಾಂಚ್ ಆರಿಸಿಕೊಂಡ. ಓದಿನಲ್ಲಿ ಟಾಪರ್ ಅಲ್ಲವೇ ಅಲ್ಲ. ಶಾಲೆಯಲ್ಲಿ ಲ್ಯಾಟಿನ್ ಫೇಲ್ ಆಗಿ ಜೆಸ್ವಿಟ್ಟರ ಶಾಲೆಗೆ ಸೇರಿದವನು. ಡಿಗ್ರಿ ಕೈಗೆ ಬರುವ ಮೊದಲೇ 1925ರ ಜುಲೈ 4ರಂದು ಪೋಲಿಯೋದಿಂದ ಸತ್ತ, 24ನೇ ವಯಸ್ಸಿಗೆ. ಸಾಯುವ ಹಿಂದಿನ ದಿನ, ಸ್ವಾಧೀನ ತಪ್ಪುತ್ತಿದ್ದ ಕೈಯಿಂದ ಅವನು ಬರೆದ ಚೀಟಿ ಒಬ್ಬ ಬಡ ರೋಗಿಗೆ ತಲುಪಿಸಬೇಕಿದ್ದ ಇಂಜೆಕ್ಷನ್ ಬಗ್ಗೆ. ಅಂತ್ಯಕ್ರಿಯೆಗೆ ಊರಿನ ಬಡವರು ರಸ್ತೆ ತುಂಬ ಬಂದಾಗಲೇ ಮಗ ಏನು ಮಾಡ್ತಿದ್ದ ಅಂತ ಮನೆಯವರಿಗೆ ಸರಿಯಾಗಿ ಗೊತ್ತಾಗಿದ್ದು. 2025ರ ಸೆಪ್ಟೆಂಬರ್ 7ರಂದು ಪೋಪ್ ಹದಿನಾಲ್ಕನೇ ಲಿಯೋ ಅವನನ್ನ ಸಂತ ಅಂತ ಘೋಷಿಸಿದರು. ನಮ್ಮ ನಾಲ್ಕನೆಯವನು ಇದನ್ನ ಕೇಳಿ ಹೇಳಿದ್ದು, ‘ಅಂದ್ರೆ ಸಂತರಿಗೂ ಬ್ಯಾಕ್ ಇರ್ತವೆ.’

ಇಲ್ಲಿ ಓದುವವರು ಒಂದು ಪ್ರಶ್ನೆ ಎತ್ತಬಹುದು. ಬೇರೆ ಧರ್ಮದ ಮಕ್ಕಳನ್ನ ಕೂರಿಸಿ ಪ್ರಾರ್ಥನೆ ಮಾಡಿಸೋದು ಸರಿಯಾ? ಬಲವಂತ ಆದರೆ ಸರಿಯಲ್ಲ. ಸಂವಿಧಾನದ 28ನೇ ವಿಧಿಯೇ ಇದನ್ನ ಹೇಳುತ್ತೆ. ಸರ್ಕಾರದ ಮಾನ್ಯತೆ ಇರುವ ಶಾಲೆಯಲ್ಲಿ ಧಾರ್ಮಿಕ ಬೋಧನೆಗೋ ಪೂಜೆಗೋ ಮಗುವನ್ನ ಸೇರಿಸಬೇಕಾದರೆ ಪೋಷಕರ ಒಪ್ಪಿಗೆ ಬೇಕು. 2024ರಲ್ಲಿ ಭಾರತದ ಕ್ಯಾಥೊಲಿಕ್ ಬಿಷಪ್ಪರ ಮಂಡಳಿಯೂ ತನ್ನ ಶಾಲೆಗಳಿಗೆ ಸೂಚನೆ ಕೊಟ್ಟಿತು. ಬೇರೆ ಧರ್ಮದ ಮಕ್ಕಳ ಮೇಲೆ ಕ್ರೈಸ್ತ ಆಚರಣೆ ಹೇರಬೇಡಿ, ಅಸೆಂಬ್ಲಿಯಲ್ಲಿ ದಿನವೂ ಸಂವಿಧಾನದ ಪೀಠಿಕೆ ಓದಿಸಿ ಅಂತ. ನಮಗೆ ಅದು ಸರಿ ಅನಿಸುತ್ತೆ. ನಮ್ಮ ಅಪ್ಪ ಅಮ್ಮಂದಿರನ್ನ ಯಾರಾದರೂ ಒಪ್ಪಿಗೆ ಕೇಳಿದ್ದರಾ? ನಮಗೆ ನೆನಪಿಲ್ಲ, ಅವರಿಗೂ ನೆನಪಿಲ್ಲ. ಕೇಳಬೇಕಿತ್ತು. ಕೇಳಿದ್ದರೆ ಒಪ್ತಿದ್ದರು ಅನ್ನೋದು ಬೇರೆ ಮಾತು. ನಮ್ಮಲ್ಲಿ ಒಬ್ಬನ ಅಮ್ಮ ಈಗಲೂ ಪರೀಕ್ಷೆಗೆ ಮುಂಚೆ ಗಣಪತಿ ದೇವಸ್ಥಾನ ಮುಗಿಸಿ ಚರ್ಚಿನ ಮಾತೆ ಮರಿಯಮ್ಮನಿಗೂ ಒಂದು ಮೇಣದಬತ್ತಿ ಹಚ್ಚಿ ಬರ್ತಾರೆ.

ಎರಡನೇ ತಕರಾರು ನಮ್ಮ ರೂಮಿನೊಳಗಿನದೇ. ನಮ್ಮಲ್ಲಿ ಇಬ್ಬರಿಗೆ ದೇವರ ವಿಷಯದಲ್ಲಿ ಅನುಮಾನ ಇದೆ. ಅವರ ವಾದ ಇಷ್ಟು. ಚೀಟಿ ಬರೆದು ಎಲ್ಲರ ಮುಂದೆ ಓದೋದರಿಂದಲೇ ಧೈರ್ಯ ಬರುತ್ತೆ ಅಂದರೆ ಅದಕ್ಕೆ ದೇವರು ಯಾಕೆ, ಕೌನ್ಸೆಲರ್ ಸಾಕಲ್ಲ. ಬಂಟ್ವಾಳದವನು ಇದನ್ನ ಒಪ್ಪಲಿಲ್ಲ. ಅವನ ಮನೆಯಲ್ಲಿ ರಾತ್ರಿ ಊಟಕ್ಕೆ ಮುಂಚೆ ಕೊಂಕಣಿಯಲ್ಲಿ ತೆರ್ಸ್, ಅಂದರೆ ಜಪಸರದ ಪ್ರಾರ್ಥನೆ. ಇಲ್ಲಿ ಹಾಸ್ಟೆಲ್‌ನಲ್ಲೂ ಹೊದಿಕೆಯೊಳಗೆ ಮಣಿ ಎಣಿಸ್ತಾನೆ, ನಮಗೆ ಗೊತ್ತಾಗಲ್ಲ ಅಂದುಕೊಂಡಿದ್ದಾನೆ. ಅವನು ಹೇಳಿದ್ದು: ‘ಕೇಳುವವ ಒಬ್ಬ ಇದ್ದಾನೆ ಅಂತ ನಂಬಿ ಹೇಳುದು ಬೇರೆ ಮಾರಾಯ, ಹೇಳಿದ್ರೆ ಹಗುರ ಆಗ್ತದೆ ಅಂತ ಹೇಳುದು ಬೇರೆ. ನೀವು ಟೆಕ್ನಿಕ್ ತಗೊಂಡು ದೇವರನ್ನು ಬಿಡ್ತೇವೆ ಅಂತೀರಿ. ನಂಗೆ ಹಾಗೆ ಬಿಡ್ಲಿಕ್ಕೆ ಆಗುದಿಲ್ಲ.’ ಈ ಚರ್ಚೆ ನಮ್ಮಲ್ಲಿ ಮುಗಿದಿಲ್ಲ. ಆದರೆ ನಾಲ್ಕನೇ ರಾತ್ರಿ ಬಾಯಿ ಬಿಡುವ ಧೈರ್ಯ ಮಾಡಿದ್ದು ನಂಬಿಕೆ ಇದ್ದ ಅವನೇ, ವಾದ ಇದ್ದ ನಾವಲ್ಲ. ಇದನ್ನ ನಾವು ಒಪ್ಪಿಕೊಳ್ಳಲೇಬೇಕು.

ಆ ರಾತ್ರಿ ಲೈಟ್ ಆಫ್ ಮಾಡಿದ ಮೇಲೆ ಅವನು ಇದ್ದಕ್ಕಿದ್ದ ಹಾಗೆ, ‘ನಂಗೆ ಹೆದರಿಕೆ ಉಂಟು ಮಾರಾಯ. ಡೇಟಾ ಸ್ಟ್ರಕ್ಚರ್ಸ್ ಒಂದಕ್ಷರ ತಲೆಗೆ ಹೋಗುದಿಲ್ಲ. ನಾಲ್ಕು ದಿನದಿಂದ ನೋಟ್ಸ್ ಬರೆದುಕೊಂಡು ಸುಮ್ಮನೆ ಬರ್ತಾ ಇದ್ದೇನೆ’ ಅಂದ. ಅವನು ನಮ್ಮ ರೂಮಿನ ಟಾಪರ್. ಸ್ವಲ್ಪ ಹೊತ್ತು ಫ್ಯಾನ್ ಸದ್ದು ಮಾತ್ರ. ಆಮೇಲೆ ಇನ್ನೊಬ್ಬ ತನ್ನದು ಹೇಳಿದ, ಅಪ್ಪನ ಅಂಗಡಿ ಸರಿಯಾಗಿ ನಡೀತಿಲ್ಲ, ಫೀಸ್ ಎರಡನೇ ಕಂತು ಕಟ್ಟಿಲ್ಲ ಅಂತ. ಮೂರನೆಯವನೂ ಹೇಳಿದ, ಅದನ್ನ ಇಲ್ಲಿ ಬರೀಬೇಡಿ ಅಂದಿದ್ದಾನೆ. ಕೊನೆಗೆ ಗೋಡೆ ಕಡೆಯಿಂದ ದನಿ ಬಂತು, ‘ನಂದು ನಿಮಗೆ ಗೊತ್ತಲ್ಲ.’ ಬಂಟ್ವಾಳದವನು ಮೆಲ್ಲಗೆ ಕೊಂಕಣಿಯಲ್ಲಿ ಪ್ರಾರ್ಥನೆ ಹೇಳಿಕೊಂಡ, ಈ ಸಲ ಹೊದಿಕೆ ಹೊರಗೆ. ನಮಗೆ ಅರ್ಥ ಆಗಿದ್ದು ನಮ್ಮ ನಾಲ್ಕು ಹೆಸರು ಮಾತ್ರ.

ಆದ್ದರಿಂದ ನಮ್ಮ ಸಂಘಕ್ಕೆ ಒಂದು ಬೇಡಿಕೆ ಇಡ್ತಿದ್ದೇವೆ. ರಾಜ್ಯೋತ್ಸವಕ್ಕೆ ಡೊಳ್ಳು, ಬಾವುಟ, ಡಿಜೆ ಎಲ್ಲ ಇರಲಿ. ಪ್ರತಿ ಸೆಮ್‌ನ ಮೊದಲ ವಾರ ಒಂದು ಸಂಜೆ, ಸ್ಟೇಜ್ ಇಲ್ಲದೆ, ಚೀಫ್ ಗೆಸ್ಟ್ ಇಲ್ಲದೆ, ಫಸ್ಟ್ ಇಯರ್‌ನವರನ್ನ ಕರೆದು ಚೀಟಿ ಹಂಚಿ. ಕನ್ನಡ, ತುಳು, ಕೊಂಕಣಿ, ಉರ್ದು, ಯಾವುದರಲ್ಲಿ ಬೇಕಾದರೂ ಬರೆಯಲಿ. ಓದಿದ ಮೇಲೆ ಏನು ಹೇಳಬೇಕು ಅನ್ನೋದು ಅವರವರಿಗೆ ಬಿಟ್ಟಿದ್ದು. ದೇವರನ್ನ ನಂಬುವವರು ದೇವರಿಗೆ ಹೇಳಲಿ, ನಂಬದವರು ಒಂದು ನಿಮಿಷ ಸುಮ್ಮನೆ ಕೂರಲಿ. ಕಾಲೇಜು ಇದಕ್ಕೆ ಬಜೆಟ್ ಕೊಡಬೇಕಾಗಿಲ್ಲ, ಸೆಮಿನಾರ್ ಹಾಲ್ ಬೀಗದ ಕೈ ಕೊಟ್ಟರೆ ಸಾಕು.

ಐದನೇ ದಿನ ಅವನು ಕ್ಲಾಸಿಗೆ ಬಂದ. ಸಂಜೆ ಮೆಸ್ ಹಿಂದೆ ನಿಂತು ಮನೆಗೆ ಫೋನ್ ಮಾಡಿದ, ನಾವು ಸ್ವಲ್ಪ ದೂರದಲ್ಲಿ ಚಹಾ ಹಿಡಿದುಕೊಂಡು ನಿಂತಿದ್ವಿ. ಅಮ್ಮ ಬೈದರಂತೆ. ಬ್ಯಾಕ್‌ಗೆ ಅಲ್ಲ, ಇಷ್ಟು ದಿನ ಹೇಳದೆ ಇದ್ದಿದ್ದಕ್ಕೆ. ಆಮೇಲೆ ಊಟ ಆಯ್ತಾ ಅಂತ ಕೇಳಿದರಂತೆ. ಮ್ಯಾಥ್ಸ್ ಪೇಪರ್ ಮತ್ತೆ ಬರೆಯೋದು ಇನ್ನೂ ಬಾಕಿ ಇದೆ. ವೆಕ್ಟರ್ ಕ್ಯಾಲ್ಕುಲಸ್ ನಮ್ಮಲ್ಲಿ ಒಬ್ಬನಿಗೆ ಪರವಾಗಿಲ್ಲ, ರಾತ್ರಿ ಒಂಬತ್ತರಿಂದ ಹತ್ತೂವರೆವರೆಗೆ ಹೇಳಿಕೊಡ್ತಿದ್ದಾನೆ, ಕನ್ನಡದಲ್ಲೇ.